ಬಣ್ಣದ ಒಲೆಯಲ್ಲಿ ಗಟ್ಟಿಯಾಗುವ ಕಾರು

ಕಾರಿನ ಬಣ್ಣ ಇರುವುದು ಅಂದಕ್ಕೆ, ಹಗುರ ಲೋಹ ಇರುವುದು ಮೈಲೇಜಿಗೆ. ಹೊರಗಿನಿಂದ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಕಾರು ತಯಾರಾಗುವ ಜಾಗದಲ್ಲಿ ಇವೆರಡನ್ನೂ ಬೇರೆ ಮಾಡಲು ಆಗುವುದಿಲ್ಲ. ತಗಡು ಇವತ್ತು ಇಷ್ಟು ತೆಳ್ಳಗಿರುವುದಕ್ಕೆ ಅದರ ಮೇಲಿನ ಲೇಪವೂ ಕಾರಣ. ಕೆಲವು ಕಡೆಯಂತೂ ಲೇಪವೇ ಲೋಹದ ಜಾಗಕ್ಕೆ ಬಂದು ಕೂತಿದೆ.

ತೂಕ ಯಾಕೆ ಇಳಿಸಬೇಕು ಅನ್ನುವುದಕ್ಕೆ ಉತ್ತರ ಸರಳ. ಪೆಟ್ರೋಲ್ ಕಾರಿನ ತೂಕ ಶೇಕಡ 10ರಷ್ಟು ಕಡಿಮೆಯಾದರೆ ಮೈಲೇಜ್ ಶೇಕಡ 6ರಿಂದ 8ರಷ್ಟು ಸುಧಾರಿಸುತ್ತದೆ ಎಂಬ ಅಂದಾಜಿದೆ. ಎಲೆಕ್ಟ್ರಿಕ್ ಕಾರಿಗೆ ಬ್ಯಾಟರಿಯೇ ನೂರಾರು ಕಿಲೋ. ಹಾಗಾಗಿ ಉಳಿದ ಮೈಯಲ್ಲಿ ಎಷ್ಟು ತೂಕ ಇಳಿಸಿದರೂ ಲಾಭವೇ.

ಹಾಗಾದರೆ ಸುಮ್ನೆ ಅಲ್ಯೂಮಿನಿಯಂ ಹಾಕಿದರೆ ಸಾಕಲ್ವಾ? ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ ಸುಮಾರು 7.85 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ. ಮೂರನೇ ಒಂದು ಪಾಲು. ತೊಂದರೆ ಏನೆಂದರೆ ಅಲ್ಯೂಮಿನಿಯಂನ ಬಿಗಿತವೂ ಉಕ್ಕಿನ ಮೂರನೇ ಒಂದು ಪಾಲೇ. ಅದೇ ದಪ್ಪದ ತಗಡು ಮೂರು ಪಟ್ಟು ಸುಲಭವಾಗಿ ಬಾಗುತ್ತದೆ. ಪುಣ್ಯಕ್ಕೆ, ತಗಡಿನ ದಪ್ಪ ಸ್ವಲ್ಪ ಹೆಚ್ಚಿಸಿದರೂ ಬಿಗಿತ ತುಂಬ ಏರುತ್ತದೆ. ದಪ್ಪ ದುಪ್ಪಟ್ಟಾದರೆ ಬಿಗಿತ ಎಂಟು ಪಟ್ಟು. ಹಾಗಾಗಿ ಸುಮಾರು ಒಂದೂವರೆ ಪಟ್ಟು ದಪ್ಪದ ಅಲ್ಯೂಮಿನಿಯಂ ತಗಡು ಉಕ್ಕಿನಷ್ಟೇ ಬಿಗಿಯಾಗಿ ನಿಲ್ಲುತ್ತದೆ. ತೂಕ ಮಾತ್ರ ಅರ್ಧದ ಆಸುಪಾಸು. 1994ರಲ್ಲಿ ಆಡಿ ಎ8 ಅಲ್ಯೂಮಿನಿಯಂ ಮೈಯಲ್ಲಿ ಬಂತು. 2015ರ ಮಾದರಿಯ ಫೋರ್ಡ್ ಎಫ್-150 ಟ್ರಕ್ ಕೂಡ ಅದೇ ದಾರಿ ಹಿಡಿದು 300 ಕಿಲೋವರೆಗೆ ತೂಕ ಇಳಿಸಿಕೊಂಡಿತು.

ಉಕ್ಕು ಅಷ್ಟಕ್ಕೆ ಸೋಲೊಪ್ಪಲಿಲ್ಲ. ಅದು ಇನ್ನೂ ಬಲವಾಯಿತು, ತೆಳ್ಳಗಾಯಿತು. ಬೋರಾನ್ ಸೇರಿಸಿದ ಉಕ್ಕನ್ನು 900 ಡಿಗ್ರಿಗೂ ಜಾಸ್ತಿ ಕಾಯಿಸಿ, ಕೆಂಪಗಿರುವಾಗಲೇ ತಣ್ಣನೆಯ ಅಚ್ಚಿನಲ್ಲಿ ಒತ್ತುತ್ತಾರೆ. ಆಕಾರ ಬರುವುದೂ ತಟ್ಟನೆ ತಣಿಯುವುದೂ ಒಟ್ಟಿಗೆ ಆಗಿ, ಅದರ ಬಲ 1500 ಮೆಗಾಪ್ಯಾಸ್ಕಲ್ ಮುಟ್ಟುತ್ತದೆ. ಬಾಗಿಲ ಪಕ್ಕದ ಕಂಬಗಳು ಈಗ ಹೆಚ್ಚಾಗಿ ಇದರವೇ. ಇಲ್ಲೇ ಲೇಪ ಮೊದಲ ಸಲ ಎದುರಾಗುತ್ತದೆ. ಅಷ್ಟು ಕಾದ ಉಕ್ಕು ಗಾಳಿ ತಾಗಿದರೆ ಪದರ ಪದರವಾಗಿ ಏಳುತ್ತದೆ, ಒಳಗಿನ ಇಂಗಾಲವೂ ಮೇಲ್ಮೈಯಿಂದ ಕಳೆದುಹೋಗುತ್ತದೆ. ಅದನ್ನು ತಡೆಯಲು ತಗಡಿಗೆ ಮೊದಲೇ ಅಲ್ಯೂಮಿನಿಯಂ-ಸಿಲಿಕಾನ್ ಲೇಪ ಕೊಟ್ಟಿರುತ್ತಾರೆ. ಕುಲುಮೆಯಲ್ಲಿ ಅದು ಉಕ್ಕಿನ ಜೊತೆಗೇ ಬೆರೆತು ಗಟ್ಟಿ ಪೊರೆಯಾಗುತ್ತದೆ.

ಇನ್ನು ಹೊರಮೈ. ಇಲ್ಲಿ ಉಕ್ಕಿನ ತಗಡಿನ ದಪ್ಪ ಸಾಮಾನ್ಯವಾಗಿ 0.7 ಮಿಲಿಮೀಟರ್ ಆಸುಪಾಸು. ಇಷ್ಟು ತೆಳ್ಳಗಿನ ತಗಡಿನಲ್ಲಿ ತುಕ್ಕಿಗೆ ಕೊಡಲು ಒಂದು ಚೂರೂ ಹೆಚ್ಚುವರಿ ಲೋಹವಿಲ್ಲ. ಹಾಗಾಗಿ ಮೊದಲು ಸತುವಿನ ಲೇಪ. ಗೀರು ಬಿದ್ದ ಕಡೆ ಉಕ್ಕಿಗಿಂತ ಮುಂಚೆ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಅದರ ಮೇಲೆ ಫಾಸ್ಫೇಟ್ ಹರಳುಗಳ ಪದರ, ಬಣ್ಣ ಕಚ್ಚಿ ಹಿಡಿಯಲಿ ಎಂದು. ಆಮೇಲೆ ಇಡೀ ಕಾರಿನ ಮೈಯನ್ನೇ ದೊಡ್ಡ ತೊಟ್ಟಿಯಲ್ಲಿ ಮುಳುಗಿಸುತ್ತಾರೆ.

ಈ ತೊಟ್ಟಿಯಲ್ಲಿ ನಡೆಯುವುದು ನನಗೆ ತುಂಬ ಇಷ್ಟವಾದ ರಸಾಯನಶಾಸ್ತ್ರ. ತೊಟ್ಟಿಯಲ್ಲಿರುವುದು ನೀರು, ಅದರಲ್ಲಿ ತೇಲುವ ರಾಳದ ಸೂಕ್ಷ್ಮ ಕಣಗಳು. ಕಣಗಳಿಗೆ ಧನ ವಿದ್ಯುದಂಶ ಇರುತ್ತದೆ. ಕಾರಿನ ಮೈಯನ್ನು ಋಣ ಧ್ರುವ ಮಾಡಿ ಕೆಲವು ನೂರು ವೋಲ್ಟ್ ಹರಿಸಿದಾಗ ಅವು ಲೋಹದ ಕಡೆಗೆ ಓಡುತ್ತವೆ. ಅಲ್ಲಿ ನೀರು ಒಡೆದು ಲೋಹದ ಪಕ್ಕದ ದ್ರವ ಕ್ಷಾರವಾಗಿರುತ್ತದೆ. ಕ್ಷಾರ ತಾಗಿದ್ದೇ ರಾಳ ಗರಣೆ ಕಟ್ಟಿ ಅಂಟಿಕೊಳ್ಳುತ್ತದೆ. ಅಂಟಿದ ಪದರದಲ್ಲಿ ಕರೆಂಟ್ ಸುಲಭವಾಗಿ ಹರಿಯುವುದಿಲ್ಲ. ಹಾಗಾಗಿ ಅದು ಇನ್ನೂ ಬರಿಮೈ ಇರುವ ಜಾಗ ಹುಡುಕಿಕೊಂಡು ಹೋಗುತ್ತದೆ: ಬಾಗಿಲಿನ ಒಳಗೆ, ಕಂಬಗಳ ಟೊಳ್ಳಿಗೆ, ಯಾವ ಕೈಯೂ ಯಾವ ಸ್ಪ್ರೇಯೂ ಮುಟ್ಟದ ಮೂಲೆಗೆ. ಕೊನೆಗೆ ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪದ, ಹೆಚ್ಚುಕಡಿಮೆ ಒಂದೇ ಸಮನಾದ ಹೊದಿಕೆ ಸಿಗುತ್ತದೆ. ಅದರ ಮೇಲೆ ಬಣ್ಣ, ಹೊಳಪಿನ ಕ್ಲಿಯರ್ ಕೋಟ್ ಎಲ್ಲ ಸೇರಿದರೂ ಒಟ್ಟು ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟೇ. ಕಾರಿನ ಹಳೆಯ ದೊಡ್ಡ ಶತ್ರು ಒಳಗಿನಿಂದ ತಿನ್ನುವ ತುಕ್ಕು. ಅದನ್ನು ಹಿಮ್ಮೆಟ್ಟಿಸಿದ್ದರಲ್ಲಿ, ಕಣ್ಣಿಗೆ ಬೀಳುವ ಯಾವ ಬಣ್ಣಕ್ಕಿಂತಲೂ, ಈ ಬೂದು ಪದರಕ್ಕೆ ಹೆಚ್ಚು ಶ್ರೇಯ ಸಲ್ಲಬೇಕು.

ತೊಟ್ಟಿಯಿಂದ ಎದ್ದ ಮೈ ಒಲೆಗೆ ಹೋಗುತ್ತದೆ. ಸುಮಾರು 170 ಡಿಗ್ರಿ, 20 ನಿಮಿಷ. ಲೆಕ್ಕಕ್ಕೆ ಇದು ಬಣ್ಣ ಒಣಗಿಸುವ ಕೆಲಸ. ಆದರೆ ಒಳಗೆ ಲೋಹವೂ ಬದಲಾಗುತ್ತಿರುತ್ತದೆ. ತಗಡನ್ನು ಅಚ್ಚಿನಲ್ಲಿ ಒತ್ತುವಾಗ ಅದು ಮೆತ್ತಗಿರಬೇಕು, ಇಲ್ಲವಾದರೆ ಸೀಳಿಹೋಗುತ್ತದೆ. ಒತ್ತಿದ ಮೇಲೆ ಗಟ್ಟಿಯಾಗಬೇಕು, ಇಲ್ಲವಾದರೆ ಬೆರಳು ಒತ್ತಿದರೂ ತಗ್ಗು ಬೀಳುತ್ತದೆ. ಇದಕ್ಕೆಂದೇ ಮಾಡಿದ ಉಕ್ಕಿನಲ್ಲಿ ಸ್ವಲ್ಪವೇ ಇಂಗಾಲ ಕರಗಿಕೊಂಡಿರುತ್ತದೆ. ಒಲೆಯ ಬಿಸಿಗೆ ಆ ಇಂಗಾಲದ ಪರಮಾಣುಗಳು ಸರಿದು, ಒತ್ತುವಾಗ ಹರಳಿನಲ್ಲಿ ಪರಮಾಣುಗಳ ಸಾಲು ತಪ್ಪಿ ಆದ ದೋಷಗಳಿಗೆ ಹೋಗಿ ಸೇರುತ್ತವೆ. ಆಮೇಲೆ ಆ ಸಾಲುಗಳು ಸುಲಭವಾಗಿ ಜರುಗುವುದಿಲ್ಲ. ತಗಡು ಬಾಗಲು ಮೊದಲಿಗಿಂತ ಜಾಸ್ತಿ ಬಲ ಬೇಕು. ಅಲ್ಯೂಮಿನಿಯಂ ತಗಡಿನಲ್ಲಿ ಮೆಗ್ನೀಷಿಯಂ, ಸಿಲಿಕಾನ್ ಪರಮಾಣುಗಳು ಸಣ್ಣ ಗುಂಪು ಕಟ್ಟಿಕೊಂಡು ಇದೇ ಕೆಲಸ ಮಾಡುತ್ತವೆ. ಬಣ್ಣಕ್ಕೆಂದು ಕೊಟ್ಟ ಬಿಸಿಯೇ ಲೋಹವನ್ನೂ ಹದಗೊಳಿಸುತ್ತದೆ. ಅದನ್ನು ನಂಬಿಯೇ ತಗಡನ್ನು ಅಷ್ಟು ತೆಳ್ಳಗೆ ಮಾಡಿರುತ್ತಾರೆ.

ಉಕ್ಕು, ಅಲ್ಯೂಮಿನಿಯಂ ಎರಡನ್ನೂ ಒಂದೇ ಮೈಯಲ್ಲಿ ಬೆರೆಸಿದಾಗ ಇದೇ ಒಲೆ ತಲೆನೋವಾಗುತ್ತದೆ. 150 ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಉಕ್ಕು ಸುಮಾರು 1.8 ಮಿಲಿಮೀಟರ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು 3.5. ಉಕ್ಕಿನ ಚೌಕಟ್ಟಿಗೆ ಬಿಗಿದ ಅಲ್ಯೂಮಿನಿಯಂ ಚಾವಣಿ ಆ ಬಿಸಿಯಲ್ಲಿ ಸೊಟ್ಟಗಾಗಬಹುದು. ನೀರು ತಾಗಿದರೆ ಇನ್ನೊಂದು ಸಮಸ್ಯೆ: ಎರಡು ಲೋಹ ಸೇರಿದ ಕಡೆ ಸಣ್ಣ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಹಾಗಾಗಿ ನಡುವೆ ಅಂಟು, ಲೇಪ ಕೊಟ್ಟ ರಿವೆಟ್. ಫಾಸ್ಫೇಟ್ ತೊಟ್ಟಿಯಲ್ಲೂ ಅಲ್ಯೂಮಿನಿಯಂ ಜಾಸ್ತಿಯಾದರೆ ಕೆಸರು ಕೂರುತ್ತದೆ. ಅದಕ್ಕೇ ಹಲವು ಕಡೆ ಜಿರ್ಕೋನಿಯಂ ಆಕ್ಸೈಡಿನ ಪದರ ಬಂದಿದೆ. ಅದರ ದಪ್ಪವನ್ನು ನ್ಯಾನೋಮೀಟರುಗಳಲ್ಲಿ ಅಳೆಯಬೇಕು, ತೊಟ್ಟಿಯನ್ನು ಬಿಸಿ ಮಾಡುವುದೂ ಬೇಡ. 2013ರ ಬಿಎಂಡಬ್ಲ್ಯು ಐ3 ಬೇರೆಯೇ ದಾರಿ ಹಿಡಿಯಿತು. ಅದರ ಕಾರ್ಬನ್ ಫೈಬರ್ ಒಡಲಿಗೆ ತುಕ್ಕೇ ಇಲ್ಲ, ಮೈ ಮುಳುಗಿಸುವ ತೊಟ್ಟಿಯೂ ಬೇಕಾಗಲಿಲ್ಲ. ಹೊರಗಿನ ಪ್ಲಾಸ್ಟಿಕ್ ಹಾಳೆಗಳಿಗೆ ಬೇರೆಯಾಗಿ ಬಣ್ಣ ಕೊಟ್ಟು ಜೋಡಿಸಿದರು.

ಲೇಪವೇ ಲೋಹದ ಜಾಗಕ್ಕೆ ಬಂದದ್ದು ಎಂಜಿನ್ನಿನಲ್ಲಿ. ಅಲ್ಯೂಮಿನಿಯಂ ಎಂಜಿನ್ನಿನೊಳಗೆ ಪಿಸ್ಟನ್ ಉಜ್ಜಾಟ ತಾಳಲು ಕೆಲವು ಮಿಲಿಮೀಟರ್ ದಪ್ಪದ ಎರಕದ ಕಬ್ಬಿಣದ ಕೊಳವೆ ಕೂರಿಸುವುದು ರೂಢಿ. ಅದರ ಬದಲು ಉಕ್ಕಿನ ತಂತಿಯನ್ನು ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುತ್ತಿನಿಂದ ವಿಪರೀತ ಕಾದ ಅನಿಲದಲ್ಲಿ, ಕರಗಿಸಿ ಸಿಲಿಂಡರಿನ ಗೋಡೆಗೆ ಎರಚಿದರೆ ಒಂದು ಮಿಲಿಮೀಟರಿಗಿಂತ ಎಷ್ಟೋ ತೆಳ್ಳಗಿನ ಪದರ ಅದೇ ಕೆಲಸ ಮಾಡುತ್ತದೆ. ನಿಸಾನ್ ಜಿಟಿ-ಆರ್ ಎಂಜಿನ್ನಿನಲ್ಲಿ ಇದೇ ಇದೆ. ತೂಕ ಇಳಿಯಿತು, ಶಾಖವೂ ಬೇಗ ಹೊರಗೆ ಹೋಯಿತು.

ಈಗ ಹೊಸ ಜಗ್ಗಾಟ ಶುರುವಾಗಿದೆ. ಕಾರು ತಯಾರಿಕೆಯಲ್ಲಿ ಶಕ್ತಿಯನ್ನು ಜಾಸ್ತಿ ನುಂಗುವ ಜಾಗಗಳಲ್ಲಿ ಬಣ್ಣದ ವಿಭಾಗ ಮುಂಚೂಣಿಯಲ್ಲಿದೆ. ಆ ಖರ್ಚು ಇಳಿಸಲು ಕಡಿಮೆ ಬಿಸಿಯಲ್ಲಿ ಗಟ್ಟಿಯಾಗುವ ಬಣ್ಣಗಳು ಬರುತ್ತಿವೆ. ಆ ಬಿಸಿಗೆ ಪ್ಲಾಸ್ಟಿಕ್ ಬಂಪರ್ ಕೂಡ ಜಗ್ಗದೆ ನಿಲ್ಲುವುದಾದರೆ ಅದಕ್ಕೂ ಕಾರಿನ ಮೈಗೂ ಒಟ್ಟಿಗೇ ಬಣ್ಣ ಕೊಡಬಹುದು, ಬಣ್ಣ ಹೊಂದಲಿಲ್ಲ ಅನ್ನುವ ತಾಪತ್ರಯವೂ ಇರದು. ಆದರೆ 170 ಡಿಗ್ರಿಯನ್ನು ನಂಬಿ ಮಾಡಿದ ತಗಡು ಆಗ ಅರ್ಧ ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಒಲೆಯ ಬಿಸಿ ಇಳಿಸುವ ಮೊದಲು ತಗಡಿನ ಮಿಶ್ರಲೋಹವನ್ನೇ ಹೊಸದಾಗಿ ಮಾಡಬೇಕು. ಇನ್ನೂ ಕಡಿಮೆ ಬಿಸಿಗೆ ಗಟ್ಟಿಯಾಗುವ ಅಲ್ಯೂಮಿನಿಯಂ ಮಿಶ್ರಲೋಹಗಳ ಮೇಲೆ ಈಗ ಕೆಲಸ ನಡೆಯುತ್ತಿದೆ.