ಗೇರ್‌ಬಾಕ್ಸ್ ಕೂರಿಸುವಾಗ ಕೊನೆಯ ಅರ್ಧ ಇಂಚನ್ನು ಬೋಲ್ಟ್ ಹಾಕಿ ಎಳೆಯಬೇಡಿ

ಹೋದ ಸೀಸನ್‌ನಲ್ಲಿ ಕೋಲಾರದ ಮಾರ್ಕೆಟ್‌ಗೆ ಟೊಮೆಟೊ ಲೋಡ್ ಹೊಡೆಯುವ ಹಳೇ ಪಿಕಪ್ ಒಂದು ನನ್ನ ಶೆಡ್‌ಗೆ ಬಂತು. ಬೇರೆ ಕಡೆ ಹೊಸ ಕ್ಲಚ್ ಹಾಕಿಸಿ ವಾರವೂ ಆಗಿರಲಿಲ್ಲ. ಪೆಡಲ್ ಪೂರ್ತಿ ತುಳಿದರೂ ಗೇರ್ ಬೀಳುತ್ತಿರಲಿಲ್ಲ. ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಕ್ಲಚ್ ಪ್ಲೇಟಿನ ನಡುವಿನ ಹಬ್ ಬಾಗಿತ್ತು, ಬೆಲ್ ಹೌಸಿಂಗ್‌ನ, ಅಂದರೆ ಕ್ಲಚ್ ಮುಚ್ಚಿಕೊಂಡು ಎಂಜಿನ್‌ಗೆ ಸೇರುವ ಕವಚದ, ಒಂದು ಬೋಲ್ಟ್ ಕಿವಿ ಬಿರುಕು ಬಿಟ್ಟಿತ್ತು. ಗೇರ್‌ಬಾಕ್ಸ್ ಪೂರ್ತಿ ಕೂರುವ ಮೊದಲೇ ಬೋಲ್ಟ್ ಬಿಗಿದು ಎಳೆದಿದ್ದರು.

ಗೇರ್‌ಬಾಕ್ಸ್‌ನ ಮುಂದಿನ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳ ಒಳಗೆ ಹಾದು, ಎಂಜಿನ್‌ನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿರುವ ಪೈಲಟ್ ಬೇರಿಂಗ್‌ಗೆ ಸೇರಬೇಕು. ಎಲ್ಲವೂ ಒಂದೇ ಗೆರೆಯಲ್ಲಿರಬೇಕು. ಅದಕ್ಕೇ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಬಿಗಿಯುವಾಗ, ಗೆರೆ ತಪ್ಪದಂತೆ ಹಿಡಿಯಲು ಅಸಲಿ ಶಾಫ್ಟಿನ ಅಳತೆಯ ಡಮ್ಮಿ ಶಾಫ್ಟ್ ತೂರಿಸಿರಬೇಕು. ಸುಮ್ನೆ ಕಣ್ಣಳತೆಯಲ್ಲಿ ಬಿಗಿದರೆ ಆಮೇಲೆ ಗಂಟೆಗಟ್ಟಲೆ ಒದ್ದಾಟ. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ಸವರಿದಷ್ಟೇ ಸಾಕು. ಜಾಸ್ತಿಯಾದರೆ ಪ್ಲೇಟಿನ ಲೈನಿಂಗ್ ಮೇಲೆ ಸಿಡಿದು ಕ್ಲಚ್ ಜಾರುತ್ತದೆ.

ಏರಿಸುವಾಗ ಭಾರವೆಲ್ಲ ಟ್ರಾಲಿ ಜಾಕ್ ಮೇಲಿರಲಿ. ಗೇರ್‌ಬಾಕ್ಸ್ ಒಂದು ಕ್ಷಣವೂ ಕ್ಲಚ್ ಪ್ಲೇಟ್ ಮೇಲೆ ನೇತಾಡಬಾರದು. ಹಬ್ ಬಾಗುವುದು ಹೀಗೂ ಉಂಟು.

ಆ ಪಿಕಪ್‌ಗೆ ನಾವು ಏರಿಸುವಾಗಲೂ ಅರ್ಧ ಇಂಚು ಉಳಿಯಿತು. ಹುಡುಗ ಕೇಳಿದ, "ಅಣ್ಣಾ, ಒಂದು ಬೋಲ್ಟ್ ಹಾಕಿ ಎಳೀಲಾ?"

"ಬೇಡಪ್ಪಾ. ಮೊದಲು ಸಂದು ನೋಡು."

ಟಾರ್ಚ್ ಬಿಟ್ಟು ನೋಡಿದ. ಮೇಲೆ ಜಾಸ್ತಿ, ಕೆಳಗೆ ಕಡಿಮೆ. ಅಂದರೆ ಗೇರ್‌ಬಾಕ್ಸ್‌ನ ಬಾಲ ಇಳಿದಿದೆ. ಜಾಕ್ ಎರಡು ಪಂಪ್ ಹೊಡೆದು ಬಾಲ ಎತ್ತಿದೆವು. ಟಾಪ್ ಗೇರ್‌ಗೆ ಹಾಕಿ ಗೇರ್‌ಬಾಕ್ಸ್‌ನ ಹಿಂದಿನ ಫ್ಲ್ಯಾಂಜನ್ನು (ಬೋಲ್ಟ್ ಹಾಕುವ ಬಿಲ್ಲೆ) ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತಾ ತಳ್ಳಿದೆವು. ಹಲ್ಲಿಗೆ ಹಲ್ಲು ಸಿಕ್ಕಿತು. ಗೇರ್‌ಬಾಕ್ಸನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಡೋವೆಲ್ ಪಿನ್ ಮೇಲೆ ಟಕ್ಕಂತ ಕೂತಿತು. ಆಮೇಲೆ ಬೋಲ್ಟ್‌ಗಳು ಬೆರಳಲ್ಲೇ ಒಳಗೆ ಹೋದವು.

ಗೇರ್‌ಬಾಕ್ಸ್ ಕೆಳಗಿರುವಾಗಲೇ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್, ಪೈಲಟ್ ಬೇರಿಂಗ್, ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಬದಲಾಯಿಸಿಬಿಡಿ. ಅವುಗಳ ಬೆಲೆಗಿಂತ ಇನ್ನೊಂದು ಸಲ ಇಳಿಸುವ ಕೂಲಿಯೇ ಜಾಸ್ತಿ, ಅಲ್ವಾ? ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜ್‌ಗೆ ಗುರುತು ಹಾಕಿ. ಜೋಡಣೆ ತಿರುಗಿಬಿಟ್ಟರೆ ವೇಗ ಹೆಚ್ಚಿದಂತೆ ಗಾಡಿ ನಡುಗಬಹುದು. ಹಳೇ ಗೇರ್‌ಬಾಕ್ಸ್‌ಗಳಲ್ಲಿ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊ ರಿಂಗ್ ಸಾಮಾನ್ಯವಾಗಿ ಹಿತ್ತಾಳೆಯದು, ಕೆಲವು ಆಯಿಲ್ ಅದಕ್ಕೆ ಆಗಿಬರುವುದಿಲ್ಲ. ಗಾಡಿಯ ಪುಸ್ತಕದಲ್ಲಿ ಜಿಎಲ್-4 ಆಯಿಲ್ ಎಂದಿದ್ದರೆ ಅದನ್ನೇ ಹಾಕಿ, ಜಿಎಲ್-5 ಬೇಡ. ಗಾಡಿ ಸಮತಟ್ಟಾಗಿ ನಿಂತಿರಲಿ. ತುಂಬಿಸುವ ತೂತಿನ ಅಂಚಿನಿಂದ ಆಯಿಲ್ ತೊಟ್ಟಿಕ್ಕತೊಡಗಿದಾಗ ನಿಲ್ಲಿಸಿ ಪ್ಲಗ್ ಬಿಗಿಯಿರಿ.