ಹುಡುಗನಿಗೆ ಗ್ರೀನ್ ಕಾರ್ಡ್ ಇದೆಯಂತೆ, ಹಾಗಾದ್ರೆ ಹುಡುಗಿ ಯಾವಾಗ ಹೋಗೋದು?

ಅಮೆರಿಕದ ಸಂಬಂಧ ಬಂತು ಅಂದರೆ ನಮ್ಮ ಮನೆಗಳಲ್ಲಿ ಈಗ ಜಾತಕಕ್ಕಿಂತ ಮೊದಲು ವೀಸಾ ಕೇಳುತ್ತಾರೆ. ಎಚ್‌1ಬಿ (ತಾತ್ಕಾಲಿಕ ಕೆಲಸದ ವೀಸಾ) ಅಂದರೆ "ಪರವಾಗಿಲ್ಲ, ನೋಡೋಣ". ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಅಂದರೆ ಹುಡುಗಿಯ ಅಪ್ಪನ ಮುಖ ಅರಳುತ್ತದೆ. ಕೆಲಸ ಹೋದರೂ ಅಲ್ಲೇ ಇರಬಹುದು, ಮನೆ ಕೊಂಡಿದ್ದಾನೆ, ಇನ್ನೇನು ಬೇಕು?

ಮದುವೆಯಾದ ಮೇಲೆ ಗೊತ್ತಾಗುತ್ತದೆ. ಪಕ್ಕದ ಬೀದಿಯ ಹುಡುಗಿ ಎಚ್‌1ಬಿ ಹುಡುಗನನ್ನು ಮದುವೆಯಾಗಿ, ಎಚ್‌4 ಎಂಬ ಅವಲಂಬಿತರ ವೀಸಾದ ಸ್ಟಾಂಪಿಂಗ್ ಮುಗಿಸಿ, ಕೆಲವೇ ತಿಂಗಳಲ್ಲಿ ವಿಮಾನ ಹತ್ತಿರುತ್ತಾಳೆ. ಗ್ರೀನ್ ಕಾರ್ಡ್ ಗಂಡನ ಹೆಂಡತಿ ಮಾತ್ರ ತವರುಮನೆಯಲ್ಲೇ ಕೂತು ಯಾವ ತಾರೀಕಿನ ಅರ್ಜಿಯವರೆಗೆ ಸರದಿ ಬಂತು ಅಂತ ಹೇಳುವ ವೀಸಾ ಬುಲೆಟಿನ್ ಅನ್ನು ಪ್ರತಿ ತಿಂಗಳು ನೋಡುತ್ತಿರುತ್ತಾಳೆ. ಇಂಥ ಒಂದು ಮನೆ ನನಗೇ ಗೊತ್ತು. ಮದುವೆಯ ಮೊದಲ ಎರಡು ದೀಪಾವಳಿಗೂ ಅಳಿಯ ವಿಡಿಯೋ ಕಾಲ್‌ನಲ್ಲೇ ಬಂದ. ಹೊಸ ಬಟ್ಟೆಯನ್ನು ಅತ್ತೆ ಫೋನಿನ ಮುಂದೆ ಹಿಡಿದು ತೋರಿಸಿ, ಮಡಚಿ, ಬೀರುವಿನಲ್ಲಿ ಇಟ್ಟರು.

ಇದು ಒಬ್ಬ ಅಧಿಕಾರಿಯ ತಪ್ಪಲ್ಲ. ಕಾನೂನೇ ಹಾಗಿದೆ. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿಗೆ ವಾರ್ಷಿಕ ಮಿತಿ ಇಲ್ಲ, ಕಡತ ಮುಂದೆ ಹೋಗಲು ಹಿಡಿಯುವ ಸಮಯವಷ್ಟೇ ಕಾಯಬೇಕು. ಎಚ್‌1ಬಿಯವರ ಸಂಗಾತಿಗೆ ಡಿಪೆಂಡೆಂಟ್ ವೀಸಾ ಇದೆ. ನಡುವೆ ನಿಂತವರು ಗ್ರೀನ್ ಕಾರ್ಡಿನವರು. ಅವರ ಸಂಗಾತಿಗೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇರುವ ಎಫ್‌2ಎ ಅನ್ನುವ ಕ್ಯೂ. ಕಾಗದ ಗಟ್ಟಿಯಾದಷ್ಟೂ ಹೆಂಡತಿ ದೂರ, ವಿಚಿತ್ರ ಅಲ್ವಾ? ಇದನ್ನು ಯಾರೋ ಒಬ್ಬರು ಕೂತು ಯೋಚಿಸಿ ಮಾಡಿದ್ದಲ್ಲ. ನೂರು ವರ್ಷದಲ್ಲಿ ಒಂದರ ಮೇಲೊಂದು ತೇಪೆ ಹಾಕುತ್ತಾ ಹೀಗಾಗಿದೆ.

ಹಳೆಯ ಕಾಲ ಇನ್ನೂ ಕೆಟ್ಟದಿತ್ತು. 1907ರ ಕಾಯ್ದೆ ಪ್ರಕಾರ ವಿದೇಶಿಯನ್ನು ಮದುವೆಯಾದ ಅಮೆರಿಕದ ಹೆಣ್ಣುಮಗಳು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಕೇಬಲ್ ಕಾಯ್ದೆ ಇದನ್ನು ಸರಿಮಾಡಿತು, ಆದರೆ ಅರ್ಧ ಮಾತ್ರ. ಗಂಡ 'ಪೌರತ್ವಕ್ಕೆ ಅನರ್ಹ' ಜನಾಂಗದವನಾದರೆ ಹೆಂಡತಿಯ ಪೌರತ್ವ ಆಗಲೂ ಹೋಗುತ್ತಿತ್ತು. ಮರುವರ್ಷ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಅವರಿಗೆ ಪೌರತ್ವ ಇಲ್ಲ ಅಂದುಬಿಟ್ಟಿತು. ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್ ಅವರ ಹೆಂಡತಿ ಮೇರಿ ಹುಟ್ಟಾ ಅಮೆರಿಕದವರು. ತೀರ್ಪು ಬಂದದ್ದು ಗಂಡನ ಜನಾಂಗದ ಬಗ್ಗೆ, ದೇಶ ಇಲ್ಲದಂತಾದದ್ದು ಮೇರಿಗೆ. ಆ ಕಲಮನ್ನು ತೆಗೆದದ್ದು 1931ರಲ್ಲಿ.

ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳುವ ಮಾತೇ ಇರಲಿಲ್ಲ. 1917ರ ಕಾಯ್ದೆ ಭಾರತವನ್ನೂ ಸೇರಿಸಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತ್ತು. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ವ್ಯಾಲಿಯಲ್ಲಿ ಹೊಲ ಮಾಡುತ್ತಿದ್ದ ಪಂಜಾಬಿ ಗಂಡಸರಲ್ಲಿ ಎಷ್ಟೋ ಜನ ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಅಲ್ಲೇ ಸಂಸಾರ ಹೂಡಿದರು. ಕೆಲವರಿಗೆ ಪಂಜಾಬಿನಲ್ಲಿ ಹೆಂಡತಿ ಮಕ್ಕಳಿದ್ದರು. 1946ರಲ್ಲಿ ಭಾರತೀಯರಿಗೆ ಪೌರತ್ವ ಸಿಗುವಂತಾಯಿತು, ಜೊತೆಗೆ ವರ್ಷಕ್ಕೆ ಕೋಟಾ ಸಿಕ್ಕಿತು. ಎಷ್ಟು? 100 ಜನ. ಇಡೀ ದೇಶಕ್ಕೆ.

ಈಗಿನ ಗೋಜಲಿನ ಬೇರು 1920ರ ದಶಕದ ಕೋಟಾ ಕಾಯ್ದೆಗಳಲ್ಲಿದೆ. ಪ್ರಜೆಯ ಹೆಂಡತಿ ಕೋಟಾದ ಹೊರಗೆ, ಬರೀ ವಾಸಕ್ಕೆ ಬಂದವನ ಹೆಂಡತಿ ಕೋಟಾದ ಒಳಗೆ ಅಂತ ಗೆರೆ ಎಳೆದದ್ದು ಆಗ. 1952ರ ಕಾಯ್ದೆ ಆ ಗೆರೆಯನ್ನು ಉಳಿಸಿಕೊಂಡಿತು. 1965ರ ಅಕ್ಟೋಬರ್ 3ರಂದು ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಹೊಸ ಕಾಯ್ದೆಗೆ ಸಹಿ ಹಾಕಿ, ದೇಶವಾರು ಹಳೆಯ ಕೋಟಾ ತೆಗೆದುಹಾಕಿದಾಗಲೂ ಈ ಗೆರೆ ಅಳಿಯಲಿಲ್ಲ.

ಆ 1965ರ ಕಥೆಯಲ್ಲಿ ಒಂದು ತಮಾಷೆ ಇದೆ. ಕುಶಲ ಕೆಲಸಗಾರರಿಗೆ ಮೊದಲ ಸ್ಥಾನ ಕೊಡಬೇಕು ಅಂತ ಸರ್ಕಾರಕ್ಕಿತ್ತು. ಒಹಾಯೋದ ಮೈಕೆಲ್ ಫೀಹನ್ ಎಂಬ ಸಂಸದ ಪಟ್ಟು ಹಿಡಿದು ಕುಟುಂಬಕ್ಕೆ ಮೊದಲ ಸ್ಥಾನ ಕೊಡಿಸಿದ. ಆಗ ಅಮೆರಿಕದಲ್ಲಿ ಇದ್ದವರು ಬಹುಪಾಲು ಯೂರೋಪಿನ ಮೂಲದವರು, ಅವರ ನಂಟರೂ ಅಲ್ಲಿಂದಲೇ ಬರುತ್ತಾರೆ, ದೇಶದ ಬಣ್ಣ ಬದಲಾಗಲ್ಲ ಅನ್ನುವುದು ಲೆಕ್ಕಾಚಾರ. ಲೆಕ್ಕ ತಲೆಕೆಳಗಾಯಿತು. ಯೂರೋಪಿನವರಿಗೆ ಬರುವ ಆಸೆ ಕಡಿಮೆಯಾಗಿತ್ತು. ಇಲ್ಲಿಂದ ಹೋದ ಡಾಕ್ಟರು, ಎಂಜಿನಿಯರುಗಳು ಮೊದಲು ಹೆಂಡತಿಯನ್ನು, ಪೌರತ್ವ ಬಂದ ಮೇಲೆ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರನ್ನು ಕರೆಸಿಕೊಂಡರು.

1970ರ ಏಪ್ರಿಲ್‌ನಲ್ಲಿ ಒಂದು ಸಣ್ಣ ತಿದ್ದುಪಡಿ ಬಂತು. ತಾತ್ಕಾಲಿಕ ಕೆಲಸಕ್ಕೆ ಬಂದವರ ಹೆಂಡತಿ ಮಕ್ಕಳು ಜೊತೆಗೆ ಬರಲಿ ಅಂತ ಎಚ್‌4, ಪ್ರಜೆಗಳ ಭಾವಿ ಸಂಗಾತಿಗೆ ಕೆ1. ಹೆಂಡತಿಯನ್ನು ಬಿಟ್ಟು ಬಾ ಅಂದರೆ ಎಂಜಿನಿಯರ್ ಬರುತ್ತಾನಾ? ಬರಲ್ಲ. ಗ್ರೀನ್ ಕಾರ್ಡಿನವನು ಹೇಗೂ ಅಲ್ಲೇ ಇರುತ್ತಾನೆ, ಕಾಯಲಿ. ಕಾನೂನಿನಲ್ಲಿ ಹೀಗೆ ಬರೆದಿಲ್ಲ, ಆದರೆ ಪರಿಣಾಮ ಇದೇ.

ನಿಜವಾದ ತಿರುವು 1986ರ ನವೆಂಬರ್. ರೊನಾಲ್ಡ್ ರೀಗನ್ ನಾಲ್ಕು ದಿನದ ಅಂತರದಲ್ಲಿ ಎರಡು ಕಾಯ್ದೆಗಳಿಗೆ ಸಹಿ ಹಾಕಿದರು. 6ನೇ ತಾರೀಕಿನದ್ದು ಕಾಗದ ಇಲ್ಲದೆ ವಾಸವಿದ್ದವರಿಗೆ ಕ್ಷಮೆ. ಅದರಿಂದ ಸುಮಾರು 27 ಲಕ್ಷ ಜನಕ್ಕೆ, ಜಾಸ್ತಿ ಮೆಕ್ಸಿಕೋದವರಿಗೆ, ಗ್ರೀನ್ ಕಾರ್ಡ್ ಸಿಕ್ಕಿತು. ಇಷ್ಟೂ ಜನ ತಮ್ಮ ಹೆಂಡತಿ, ಗಂಡ, ಮಕ್ಕಳಿಗೆ ಅರ್ಜಿ ಹಾಕಿದಾಗ ಏನಾಗುತ್ತದೆ ಅಂತ ಯಾರೂ ಕೂತು ಲೆಕ್ಕ ಹಾಕಿದಂತಿಲ್ಲ.

10ನೇ ತಾರೀಕಿನದ್ದು ಮದುವೆ ವಂಚನೆ ತಡೆಯುವ ಕಾಯ್ದೆ. ವಲಸೆ ಇಲಾಖೆ ಸಂಸತ್ತಿನ ಮುಂದೆ, ವಲಸೆಗಾಗಿ ಆಗುವ ಮದುವೆಗಳಲ್ಲಿ ಶೇ 30ರಷ್ಟು ಸುಳ್ಳಿರಬಹುದು ಅಂದಿತ್ತು. ಆ ಸಮೀಕ್ಷೆಗೆ ಗಟ್ಟಿ ಆಧಾರ ಇರಲಿಲ್ಲ ಅನ್ನುವುದು ಆಮೇಲೆ ಹೊರಬಿತ್ತು. ಅಷ್ಟರಲ್ಲಿ ಕಾಯ್ದೆ ಬಂದಾಗಿತ್ತು, ಈಗಲೂ ಇದೆ. ಮದುವೆಯಾಗಿ ಎರಡು ವರ್ಷ ತುಂಬದೆ ಗ್ರೀನ್ ಕಾರ್ಡ್ ಸಿಕ್ಕರೆ ಅದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದೊಳಗೆ ಗಂಡ ಹೆಂಡತಿ ಇಬ್ಬರೂ ಸೇರಿ ಐ-751 ಅರ್ಜಿ ಹಾಕಿ, ನಮ್ಮದು ನಿಜವಾದ ಸಂಸಾರ ಅಂತ ತೋರಿಸಬೇಕು. ಇಬ್ಬರೂ ಸಹಿ ಹಾಕಬೇಕು ಅನ್ನುವ ಮಾತೇ ಹೊಡೆಯುವ ಗಂಡನ ಕೈಗೆ ಸಿಕ್ಕ ದೊಣ್ಣೆಯಾಯಿತು. ದೌರ್ಜನ್ಯ ಅನುಭವಿಸಿದವರು ಒಬ್ಬರೇ ಅರ್ಜಿ ಹಾಕಬಹುದು ಅಂತ ಬದಲಾಯಿಸಲು 1990 ಬರಬೇಕಾಯಿತು. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಈ ದಾರಿ ಇದೆ ಅಂತ ಗೊತ್ತು? ಕಳಿಸುವಾಗ ಉಪ್ಪಿನಕಾಯಿ ಕಟ್ಟಿಕೊಡುತ್ತೇವೆ, ಇದನ್ನು ಹೇಳಿಕೊಡಲ್ಲ.

ಕೆ1ಗೆ ಭಾವಿ ದಂಪತಿ ಕಳೆದ ಎರಡು ವರ್ಷದಲ್ಲಿ ಒಮ್ಮೆಯಾದರೂ ಮುಖಾಮುಖಿ ಭೇಟಿಯಾಗಿರಬೇಕು ಅನ್ನುವ ನಿಯಮವೂ ಅದೇ ಕಾಯ್ದೆಯದ್ದು. ಮದುವೆಗೆ ಮುಂಚೆ ನೋಡಬಾರದು ಅನ್ನುವ ಕಟ್ಟುನಿಟ್ಟಿನ ಸಂಪ್ರದಾಯ ಇದ್ದವರಿಗೆ ವಿನಾಯಿತಿ ಇದೆ. ಕಾಫಿ ಡೇಯಲ್ಲಿ ಕೂತು ಮಾತಾಡುವ ನಮ್ಮವರಿಗೆ ಅದು ಸಿಗುವುದು ಕಷ್ಟ ಬಿಡಿ.

ಇನ್ನು 1990ರ ಕಾಯ್ದೆ. ಗ್ರೀನ್ ಕಾರ್ಡಿನವರ ಸಂಗಾತಿ ಮತ್ತು ಚಿಕ್ಕ ಮಕ್ಕಳನ್ನು ಎಫ್‌2ಎ ಅಂತ ಬೇರೆ ಮಾಡಿ, ವರ್ಷಕ್ಕೆ ಸುಮಾರು 88,000 ವೀಸಾ ಮೀಸಲಿಟ್ಟಿತು. ಇಡೀ ಜಗತ್ತಿಗೆ ಅಷ್ಟು. ಅದೇ ಕಾಯ್ದೆ ಎಚ್‌1ಬಿಯವರಿಗೆ ಒಂದು ದೊಡ್ಡ ಉಪಕಾರ ಮಾಡಿತು. ಸಾಮಾನ್ಯವಾಗಿ ವೀಸಾ ಅಧಿಕಾರಿ, ಎದುರಿಗೆ ನಿಂತವರು ಅಲ್ಲೇ ಉಳಿದುಬಿಡುತ್ತಾರೆ ಅಂತಲೇ ಅಂದುಕೊಳ್ಳಬೇಕು. ಇಲ್ಲ, ವಾಪಸ್ ಬರುತ್ತೇವೆ ಅಂತ ತೋರಿಸುವುದು ನಮ್ಮ ಕೆಲಸ. ಎಚ್‌1ಬಿ, ಎಚ್‌4ಗೆ ಈ ಪರೀಕ್ಷೆ ಇಲ್ಲ ಅಂತಾಯಿತು. ಗ್ರೀನ್ ಕಾರ್ಡಿನವನ ಹೆಂಡತಿಗೆ? ಎಚ್‌4 ಸಿಗಲ್ಲ, ಗಂಡ ಎಚ್‌1ಬಿಯಲ್ಲಿ ಇಲ್ಲವಲ್ಲ. ಟೂರಿಸ್ಟ್ ವೀಸಾ ಕೇಳಿದರೆ, ಗಂಡ ಅಲ್ಲಿ, ನಿನ್ನನ್ನು ಕರೆಸಿಕೊಳ್ಳಲು ಅವನು ಹಾಕಿದ ಐ-130 ಅರ್ಜಿ ಬಾಕಿ, ನೀನು ವಾಪಸ್ ಬರ್ತೀಯ ಅಂತ ಹೇಗೆ ನಂಬಲಿ ಅನ್ನುತ್ತಾರೆ. ಎರಡು ಕಡೆಯಿಂದಲೂ ಬಾಗಿಲು ಮುಚ್ಚಿದಂತೆ.

ಎಚ್‌4 ಏನೂ ಸ್ವರ್ಗವಲ್ಲ. ಅದರಲ್ಲಿ ಬಂದವರು ದಶಕಗಳ ಕಾಲ ಕೆಲಸ ಮಾಡುವಂತಿರಲಿಲ್ಲ. ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರಿಗೆ ಮಾತ್ರ 2015ರ ಮೇ 26ರಿಂದ ಅವಕಾಶ ಸಿಕ್ಕಿತು. ಹೋದ ಕೂಡಲೇ ಕೆಲಸ ಮಾಡಬಹುದು ಅನ್ನುವುದು ಎಫ್‌2ಎಯಲ್ಲಿ ಹೋದವರ ಸಮಾಧಾನ.

2000ದ ಹೊತ್ತಿಗೆ ಕ್ಯೂ ಎಷ್ಟೋ ವರ್ಷದಷ್ಟು ಬೆಳೆದಿತ್ತು. ಆ ಡಿಸೆಂಬರ್ 21ರಂದು ಬಂದ ಕಾಯ್ದೆ ವಿ ವೀಸಾ ತಂದಿತು. ಮೂರು ವರ್ಷ ಕಾದವರು ಅಮೆರಿಕಕ್ಕೆ ಬಂದು ಅಲ್ಲೇ ಕಾಯಬಹುದು. ಒಳ್ಳೆಯದೇ. ಆದರೆ ಅರ್ಜಿ ಅದೇ ದಿನ ಅಥವಾ ಅದಕ್ಕೆ ಮೊದಲು ಹಾಕಿರಬೇಕು. ಮರುದಿನ ಹಾಕಿದವರಿಗೆ ಇಲ್ಲ. ಅದನ್ನು ಮುಂದುವರಿಸಿ ಅಂತ ಕೇಳಿದವರು ಬೇಕಾದಷ್ಟು ಜನ, ಆಗಲಿಲ್ಲ.

ಹಾಗಾಗಿ ನಮ್ಮವರು ತಾವೇ ಒಂದು ದಾರಿ ಹುಡುಕಿಕೊಂಡರು. ಗ್ರೀನ್ ಕಾರ್ಡ್ ಮಂಜೂರಾಗುವ ಮೊದಲೇ ಮದುವೆಯಾಗಿದ್ದರೆ ಹೆಂಡತಿಗೂ ಗಂಡನದೇ ಪ್ರಯಾರಿಟಿ ಡೇಟ್, ಅಂದರೆ ಕ್ಯೂನಲ್ಲಿ ಜಾಗ ಹಿಡಿದ ತಾರೀಕು, ಸಿಗುತ್ತದೆ, ಅವಳು ಹಿಂದೆಯೇ ಹೋಗಿ ಸೇರಬಹುದು. ಒಂದು ದಿನ ತಡವಾದರೂ ಎಫ್‌2ಎ. 2007ರ ಜುಲೈನಲ್ಲಿ ಇದು ತಾರಕಕ್ಕೆ ಹೋಯಿತು. ಕೆಲಸದ ಆಧಾರದ ಗ್ರೀನ್ ಕಾರ್ಡಿನ ಕ್ಯೂ ಏಕಾಏಕಿ ತೆರೆಯಿತು, 2ನೇ ತಾರೀಕಿಗೆ ಮುಚ್ಚಿತು. ಭಾರತೀಯರು ಗಾಂಧಿಗಿರಿ ಅಂತ ವಲಸೆ ಇಲಾಖೆಯ ನಿರ್ದೇಶಕರಿಗೆ ನೂರಾರು ಹೂಗುಚ್ಛ ಕಳಿಸಿದರು, ಆತ ಅವನ್ನು ಸೈನಿಕರ ಆಸ್ಪತ್ರೆಗೆ ದಾಟಿಸಿದ. 17ಕ್ಕೆ ಮತ್ತೆ ತೆರೆದು, ಆಗಸ್ಟ್ 17ರವರೆಗೆ ಗಡುವು ಕೊಟ್ಟರು. ಮದುವೆಯಾಗದವರಿಗೆ ಧರ್ಮಸಂಕಟ. ಅರ್ಜಿ ಹಾಕದಿದ್ದರೆ ಅವಕಾಶ ಹೋಯಿತು, ಹಾಕಿದ ಮೇಲೆ ಬೇಗ ಮಂಜೂರಾದರೆ ಬರುವ ಹೆಂಡತಿ ಕ್ಯೂನಲ್ಲಿ. ಆಷಾಢ ಬೇರೆ ಶುರುವಾಗುತ್ತಿತ್ತು. ಮುಹೂರ್ತ ಕಾಯುತ್ತಾ ಕೂರದೆ ಮೊದಲು ರಿಜಿಸ್ಟರ್ ಮಾಡಿಸಿ, ಛತ್ರದ ಮದುವೆ ಆಮೇಲೆ ಅನ್ನುವ ರೂಢಿ ವೀಸಾ ಮನೆಗಳಲ್ಲಿ ಗಟ್ಟಿಯಾದದ್ದಕ್ಕೆ ಇಂಥ ಲೆಕ್ಕಗಳೇ ಕಾರಣ.

ಫೋನಿನಲ್ಲೇ ಧಾರೆ ಎರೆದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ವಧು ವರ ಇಬ್ಬರೂ ಎದುರಿಗಿಲ್ಲದ ಮದುವೆಯನ್ನು, ಆಮೇಲೆ ಒಟ್ಟಿಗೆ ಸಂಸಾರ ನಡೆಸದ ಹೊರತು, ಅಮೆರಿಕದ ವಲಸೆ ಕಾನೂನು ಮದುವೆ ಅಂತಲೇ ಎಣಿಸಲ್ಲ. ಫೋಟೋ ನೋಡಿ ಜಪಾನಿನಿಂದ ಬರುತ್ತಿದ್ದ ವಧುಗಳ ಮೇಲೆ ನೂರು ವರ್ಷದ ಹಿಂದೆ ಎದ್ದ ಗಲಾಟೆಯ ನೆರಳು ಇದರ ಮೇಲಿದೆ.

ಮಿಕ್ಕದ್ದು ಕಾಗದದ ಕಾಟ, ಅದರಲ್ಲೂ ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಸುಮಾ ಕೆ.", ಮದುವೆ ಸರ್ಟಿಫಿಕೇಟಿನಲ್ಲಿ "ಕೆ. ಸುಮಾ", ಪಾಸ್‌ಪೋರ್ಟಿನಲ್ಲಿ "ಸುಮಾ ಕೃಷ್ಣಮೂರ್ತಿ", ಜಮೀನಿನ ಕಾಗದದಲ್ಲಿ ಗಂಡನ ಹೆಸರಿನ ಮುಂದೆ "ಕೋಂ". ಇವರೆಲ್ಲರೂ ಒಬ್ಬಳೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಬೇಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಇರುವ ಹೆಸರೆಲ್ಲ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಅಚ್ಚಾಗಿ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಕನ್ನಡದ ಲಗ್ನಪತ್ರಿಕೆ ಕೊಟ್ಟರೆ ಇಂಗ್ಲಿಷ್ ಅನುವಾದ ಬೇಕು. ಆ "ಚಿ|| ಸೌ||" ಅನ್ನುವುದನ್ನು ಅನುವಾದಿಸಿದವರ ಪಾಡು ದೇವರಿಗೇ ಪ್ರೀತಿ. ಇಷ್ಟೆಲ್ಲ ಫೈಲು, ಆಲ್ಬಮ್ಮು ಹಿಡಿದುಕೊಂಡು ಮುಂಬೈಗೆ ಇಂಟರ್‌ವ್ಯೂಗೆ ಹೋಗಬೇಕು. ಮಾತುಕತೆ ಹತ್ತು ನಿಮಿಷದಲ್ಲಿ ಮುಗಿದೂ ಹೋಗಬಹುದು.

ಪ್ರಜೆಯಾದರೆ ಎಲ್ಲ ಸಲೀಸು ಅಂತಲೂ ಅಲ್ಲ. 2024ರ ಜೂನ್‌ನಲ್ಲಿ ಸಾಂಡ್ರಾ ಮುನ್ಯೋಸ್ ಎಂಬ ಅಮೆರಿಕದ ಪ್ರಜೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 6-3ರಿಂದ ಹೇಳಿದ್ದು ಇದು: ವಿದೇಶಿ ಗಂಡನನ್ನು ದೇಶದೊಳಗೆ ಬಿಟ್ಟುಕೊಳ್ಳಿ ಅಂತ ಕೇಳುವ ಸಂವಿಧಾನದತ್ತ ಹಕ್ಕು ಪ್ರಜೆಗೂ ಇಲ್ಲ.

ಎಫ್‌2ಎ ಕ್ಯೂ ಒಂದಷ್ಟು ಕಾಲ ಮಾಯವೇ ಆಗಿತ್ತು. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಬುಲೆಟಿನ್‌ನಲ್ಲಿ "ಕರೆಂಟ್", ಅಂದರೆ ಸರದಿಗಾಗಿ ಕಾಯಬೇಕಿಲ್ಲ. ಏಪ್ರಿಲ್‌ನಲ್ಲಿ ತಾರೀಕು ಒಂದೇ ಏಟಿಗೆ 2020ರ ಸೆಪ್ಟೆಂಬರ್‌ಗೆ ಹಿಂದೆ ಹೋಯಿತು, ಅಂದರೆ ಅದಕ್ಕೆ ಮೊದಲು ಅರ್ಜಿ ಹಾಕಿದವರಿಗೆ ಮಾತ್ರ ಸರದಿ. ಇನ್ನೇನು ಹೊರಡಬೇಕು ಅಂತಿದ್ದವರು ಮತ್ತೆ ಸಾಲಿಗೆ ಬಂದು ನಿಂತರು.

ಆದ್ದರಿಂದ ಹುಡುಗನಿಗೆ ಗ್ರೀನ್ ಕಾರ್ಡ್ ಇದೆ ಅಂದಾಗ ಸುಮ್ನೆ ತಲೆಯಾಡಿಸಬೇಡಿ, ಕಾರ್ಡ್ ತೋರಿಸು ಅನ್ನಿ. ಅದರ ಮೇಲೆ "ರೆಸಿಡೆಂಟ್ ಸಿನ್ಸ್" ಅಂತ ಒಂದು ತಾರೀಕು ಇರುತ್ತದೆ. ಸಾಮಾನ್ಯವಾಗಿ ಅಲ್ಲಿಂದ ಐದು ವರ್ಷಕ್ಕೆ ಅವನು ಪೌರತ್ವ ಪಡೆಯಬಹುದು, ಅರ್ಜಿಯನ್ನು 90 ದಿನ ಮೊದಲೇ ಹಾಕಬಹುದು. ಪೌರತ್ವ ಬಂದ ದಿನ ಹೆಂಡತಿಯ ಹಳೆಯ ಐ-130 ಅರ್ಜಿಯೇ ಕೋಟಾದ ಹೊರಗೆ ಬರುತ್ತದೆ, ಹೊಸದಾಗಿ ಹಾಕಬೇಕಿಲ್ಲ. ಕಾರ್ಡಿಗೆ ನಾಲ್ಕು ವರ್ಷ ಆಗಿದ್ದರೆ ಒಂದು ಲೆಕ್ಕ, ನಾಲ್ಕು ತಿಂಗಳಾಗಿದ್ದರೆ ಬೇರೆ ಲೆಕ್ಕ.