ಹೈ-ಲಿಫ್ಟ್ ಜ್ಯಾಕ್ ಗಾಡಿಯ ಹೊರಗೆ ಎಲ್ಲಿ ಕೂರಿಸಬೇಕು?

ಪ್ರಶ್ನೆ: ಆಫ್-ರೋಡ್ ಗಾಡಿಗೆ ಅಂತ 48 ಇಂಚಿನ ಹೈ-ಲಿಫ್ಟ್ ಜ್ಯಾಕ್ (ಗಾಡಿಯನ್ನು ತುಂಬ ಎತ್ತರಕ್ಕೆ ಎತ್ತುವ ಉದ್ದ ಕಬ್ಬಿಣದ ಜ್ಯಾಕ್) ತೆಗೆದುಕೊಂಡಿದ್ದೇನೆ. ಒಳಗೆ ಇಡಲು ಜಾಗವಿಲ್ಲ. ಕೆಲವರು ಬಾನೆಟ್ ಮೇಲೆ ಹಾಕಿಸುತ್ತಾರೆ, ಕೆಲವರು ರೂಫ್ ರ್‍ಯಾಕ್‌ಗೆ ಕಟ್ಟುತ್ತಾರೆ, ಇನ್ನು ಕೆಲವರು ಹಿಂದೆ ಸ್ಟೆಪ್ನಿ ಪಕ್ಕದಲ್ಲಿ. ಯಾವುದು ಸರಿ?

ಉತ್ತರ: ಹಿಂದೆ, ಸ್ಟೆಪ್ನಿ ಪಕ್ಕದಲ್ಲಿ. ಆದರೆ ಒಂದು ಷರತ್ತು ಇದೆ. ಆ ಸ್ಟೆಪ್ನಿ ಛಾಸಿಗೆ (ಗಾಡಿಯ ತಳದ ಚೌಕಟ್ಟಿಗೆ) ಬೋಲ್ಟ್ ಆಗಿರುವ ಕಬ್ಬಿಣದ ಬಂಪರ್‌ನ ಕ್ಯಾರಿಯರ್ ಮೇಲೆ ಇರಬೇಕು. ಕಂಪನಿ ಕೊಟ್ಟ ಹಿಂಬಾಗಿಲಿಗೇ ಸ್ಟೆಪ್ನಿ ನೇತುಹಾಕಿದ್ದರೆ ಅಲ್ಲಿಗೆ ಜ್ಯಾಕ್ ಸೇರಿಸಬೇಡಿ. 48 ಇಂಚಿನ ಜ್ಯಾಕ್ ಸುಮಾರು 13 ಕಿಲೋ ತೂಗುತ್ತದೆ. ಆಫ್-ರೋಡ್ ಟೈರು ರಿಮ್ ಸೇರಿ 30 ಕಿಲೋ ದಾಟುವುದು ಸಾಮಾನ್ಯ. ಬಾಗಿಲಿನ ಕೀಲುಗಳಿಗೆ ಅದೇ ಹೆಚ್ಚು. ಇನ್ನಷ್ಟು ಹೇರಿದರೆ ಬಾಗಿಲು ಜೋತುಬೀಳುತ್ತದೆ, ಲಾಕ್ ಸರಿಯಾಗಿ ಕೂರುವುದಿಲ್ಲ, ಕೀಲಿನ ಸುತ್ತ ತಗಡು ಬಿರುಕು ಬಿಡಬಹುದು.

ಆದರೆ ಜಾಗ ಹುಡುಕುವ ಮೊದಲು ಇನ್ನೊಂದು ವಿಷಯ ನೋಡಿಕೊಳ್ಳಿ. ನಿಮ್ಮ ಗಾಡಿಯನ್ನು ಈ ಜ್ಯಾಕ್ ಎಲ್ಲಿ ಹಿಡಿದು ಎತ್ತುತ್ತದೆ? ಇದರ ನಾಲಿಗೆ ಕೂರಲು ಗಟ್ಟಿ ಕಬ್ಬಿಣದ ಬಂಪರ್ ಬೇಕು, ಇಲ್ಲವೇ ಛಾಸಿಗೆ ಸೇರಿದ ರಾಕ್ ಸ್ಲೈಡರ್ (ಬಾಗಿಲುಗಳ ಕೆಳಗೆ ಕಲ್ಲೇಟು ತಡೆಯುವ ಗಟ್ಟಿ ಕಂಬಿ) ಬೇಕು. ಪ್ಲಾಸ್ಟಿಕ್ ಬಂಪರ್ ಇರುವ ಗಾಡಿಗೆ ನೇರವಾಗಿ ಇದನ್ನು ಹಚ್ಚಲು ಆಗುವುದಿಲ್ಲ. ಚಕ್ರದ ರಿಮ್ಮಿಗೆ ಸಿಕ್ಕಿಸಿ ಎತ್ತುವ ಕೊಕ್ಕೆ ಸಿಗುತ್ತದೆ, ಅದಾದರೂ ಇರಬೇಕು. ಎರಡೂ ಇಲ್ಲದಿದ್ದರೆ 13 ಕಿಲೋ ಸುಮ್ನೆ ಹೊತ್ತು ತಿರುಗಿದ ಹಾಗಾಗುತ್ತದೆ.

ಈಗ ಜಾಗದ ವಿಷಯ. ಗಾಡಿ ಹೂತು ಒಂದು ಕಡೆ ವಾಲಿದಾಗ, ಕಾಲು ಕೆಸರಿನಲ್ಲಿ ಇರುವಾಗ, ಜ್ಯಾಕ್ ಕೈಗೆ ಸಿಗಬೇಕು. ನಾನು ಪ್ರತಿ ಜಾಗವನ್ನೂ ಅಳೆಯುವುದು ಇದರಿಂದಲೇ. ಹಿಂದಿನ ಕ್ಯಾರಿಯರ್ ಎದೆಮಟ್ಟದಲ್ಲಿರುತ್ತದೆ. ಹಿಂದಿನ ಚಕ್ರ ಆಕ್ಸಲ್‌ವರೆಗೆ ಇಳಿದರೂ ಜ್ಯಾಕ್ ಮಣ್ಣಿನಿಂದ ಮೇಲೇ ಉಳಿಯುತ್ತದೆ. ನೆಲದ ಮೇಲೆ ನಿಂತುಕೊಂಡೇ ಎರಡು ಕೈಯಲ್ಲಿ ಹಿಡಿದು ಇಳಿಸಬಹುದು.

ರೂಫ್ ರ್‍ಯಾಕ್ ಈ ಪರೀಕ್ಷೆಯಲ್ಲೇ ಸೋಲುತ್ತದೆ. ವಾಲಿದ ಗಾಡಿಯ ಮೇಲೆ ಹತ್ತಿ, ಜಾರುವ ಕಾಲಿನಲ್ಲಿ ನಿಂತು, ನಾಲ್ಕು ಅಡಿ ಉದ್ದದ ಕಬ್ಬಿಣ ಇಳಿಸುವುದು ಒಬ್ಬರಿಗೆ ಅಪಾಯದ ಕೆಲಸ. ಗಾಡಿಯ ಅತಿ ಎತ್ತರದ ಜಾಗದಲ್ಲಿ ತೂಕ ಸೇರಿಸಿದರೆ ಪಕ್ಕದ ಇಳಿಜಾರಿನಲ್ಲಿ ಮಗುಚುವ ಸಾಧ್ಯತೆಯೂ ಜಾಸ್ತಿ. ಮೇಲೆ ಟೆಂಟು, ಡಬ್ಬಗಳು ಆಗಲೇ ಇದ್ದರೆ ಕೇಳುವುದೇ ಬೇಡ. ಬೇರೆ ದಾರಿಯೇ ಇಲ್ಲ ಅಂದರೆ ರ್‍ಯಾಕ್‌ನ ಪಕ್ಕದ ಕಂಬಿಗೆ, ಆದಷ್ಟು ಕೆಳಗೆ ಹಾಕಿಸಿ. ಅದೂ ಚಾಲಕನ ಬಾಗಿಲಿನ ಬದಿಯಲ್ಲಿ ಬೇಡ.

ಬಾನೆಟ್ ಬೇಡವೇ ಬೇಡ. ಕಲ್ಲುಗಳ ನಡುವೆ ಮುಂದಿನ ಚಕ್ರ ಎಲ್ಲಿ ಇಡಬೇಕು ಅಂತ ಕಣ್ಣು ಹಾಯಿಸುವ ಜಾಗಕ್ಕೇ ಜ್ಯಾಕ್ ಅಡ್ಡ ಬರುತ್ತದೆ. ಬಾನೆಟ್ ಎತ್ತುವಾಗಲೆಲ್ಲ ಅದರ ಭಾರವನ್ನೂ ಎತ್ತಬೇಕು. ಎದುರಿಗೆ ಯಾರಾದರೂ ನಡೆದುಹೋಗುವವರು ಸಿಕ್ಕಿ ಡಿಕ್ಕಿಯಾದರೆ ಆ ಕಬ್ಬಿಣದ ಪಟ್ಟಿ ಏನು ಮಾಡಬಹುದು ಅಂತ ಯೋಚಿಸಿ. ಈ ಕೊನೆಯ ಕಾರಣ ಮುಂದಿನ ಬಂಪರ್‌ಗೂ ಹೊಂದುತ್ತದೆ. ಅಲ್ಲಿ ಇನ್ನೂ ಎರಡು ತೊಂದರೆ: ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡ, ಹೆಡ್‌ಲೈಟಿಗೆ ಮರೆ. ಗಾಡಿ ಮೂತಿ ಕೆಳಗಾಗಿ ಗುಂಡಿಗೆ ಇಳಿದರೆ ಜ್ಯಾಕೂ ಅದರ ಜೊತೆ ಗುಂಡಿಯಲ್ಲೇ. ಪಿಕಪ್ ಇದ್ದವರು ಪುಣ್ಯವಂತರು, ಹಿಂದಿನ ತೊಟ್ಟಿಯ ಒಳಗೋಡೆಗೆ ಅಡ್ಡಲಾಗಿ ಬಿಗಿಸಿದರೆ ಮುಗಿಯಿತು.

ಹಿಂದಿನ ಜಾಗಕ್ಕೂ ಒಂದು ದೋಷ ಇದೆ: ದೂಳು. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರಗಳು ಎಬ್ಬಿಸಿದ ದೂಳೆಲ್ಲ ಸುತ್ತಿ ಅಲ್ಲಿಗೇ ಬಂದು ಕೂರುತ್ತದೆ. ಈ ಜ್ಯಾಕಿಗೆ ದೂಳು ಯಾಕೆ ಶತ್ರು ಅಂತ ತಿಳಿಯಲು ಅದನ್ನು ಹತ್ತಿರದಿಂದ ನೋಡಬೇಕು. ಜ್ಯಾಕಿನ ಉದ್ದ ಕಬ್ಬಿಣದ ಪಟ್ಟಿಯ, ಅಂದರೆ ಬಾರಿನ, ತುಂಬ ಸಾಲಾಗಿ ತೂತುಗಳಿವೆ. ಮೇಲೆ ಕೆಳಗೆ ಓಡುವ ರನ್ನರ್‌ನಲ್ಲಿ ಎರಡು ಪಿನ್ನುಗಳಿವೆ, ಪ್ರತಿಯೊಂದರ ಹಿಂದೆ ಒಂದು ಸಣ್ಣ ಸ್ಪ್ರಿಂಗ್. ಹಿಡಿ ಒತ್ತಿದಾಗ ಒಂದು ಪಿನ್ನು ತೂತಿನಲ್ಲಿ ಕೂತು ಭಾರ ಹಿಡಿಯುತ್ತದೆ, ಇನ್ನೊಂದು ಹೊರಬಂದು ಮುಂದಿನ ತೂತಿಗೆ ಹೋಗುತ್ತದೆ. ಏಣಿ ಹತ್ತುವವನ ಎರಡು ಕೈಗಳ ಹಾಗೆ. ಪಿನ್ನಿನ ಮೇಲೆ ಒಣಗಿದ ಕೆಸರಿನ ತೆಳು ಪದರ ಇದ್ದರೂ ಸಾಕು, ಸ್ಪ್ರಿಂಗಿಗೆ ಅದನ್ನು ಒಳಗೆ ತಳ್ಳುವ ಶಕ್ತಿ ಸಾಲದು. ಹಿಡಿ ಆಡಿಸಿದರೂ ಜ್ಯಾಕ್ ಏರುವುದಿಲ್ಲ. ಎತ್ತಿ ನಿಲ್ಲಿಸಿದ ಮೇಲೆ ಇಳಿಸಲಾಗದೆ ಸಿಕ್ಕಿಕೊಳ್ಳುವುದು ಇನ್ನೂ ಕೆಟ್ಟದ್ದು.

ಆದ್ದರಿಂದ ರನ್ನರ್‌ಗೆ ಮಾತ್ರ ಒಂದು ಕವರ್ ಹಾಕಿ. ಇಡೀ ಜ್ಯಾಕನ್ನು ಗಾಳಿಯಾಡದ ಹಾಗೆ ಸುತ್ತಬೇಡಿ, ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಕವರಿನ ತಳ ತೆರೆದಿರಲಿ. ಪಿನ್ನುಗಳಿಗೆ ಗ್ರೀಸ್ ಹಚ್ಚಬೇಡಿ, ದೂಳು ಅಂಟಿ ಗಟ್ಟಿಯಾಗುತ್ತದೆ. ತೊಳೆದು, ಒಣಗಿಸಿ, ತೆಳು ಎಣ್ಣೆ ಸಿಂಪಡಿಸಿದರೆ ಸಾಕು.

ಬಿಗಿಸುವ ಕೆಲಸಕ್ಕೆ ಬರೋಣ. ಎರಡು ಕಡೆ ಹಿಡಿತ ಬೇಕೇ ಬೇಕು, ಒಂದಕ್ಕೊಂದು ಆದಷ್ಟು ದೂರದಲ್ಲಿ. ನಿಂತ ಗಾಡಿಯಲ್ಲಿ 13 ಕಿಲೋ ಇರುವ ಜ್ಯಾಕ್, ಹೊಂಡಕ್ಕೆ ದಡಕ್ಕನೆ ಇಳಿದಾಗ ಅದರ ಎರಡು ಮೂರು ಪಟ್ಟು ಭಾರದಂತೆ ಎಳೆಯಬಹುದು. ತೆಳು ತಗಡಿಗೆ ತೂತು ಕೊರೆದು ಕೂರಿಸಿದ ಬ್ರಾಕೆಟ್ ಇದನ್ನು ತಾಳುವುದಿಲ್ಲ. ಬ್ರಾಕೆಟ್ ಅನ್ನು ಕ್ಯಾರಿಯರಿಗೆ ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇದ್ದು ಸಡಿಲವಾಗದ ನಟ್ಟು), ಅಗಲ ವಾಷರ್ ಹಾಕಿ ಬಿಗಿಸಿ, ಅದನ್ನು ಮತ್ತೆ ಬಿಚ್ಚುವ ಅಗತ್ಯ ಇಲ್ಲ ಅಲ್ವಾ. ಜ್ಯಾಕ್ ಕೂರುವ ಬೋಲ್ಟಿಗೆ ಮಾತ್ರ ಕೈಯಲ್ಲೇ ತಿರುಗಿಸುವ ದೊಡ್ಡ ನಾಬ್ ಇರಲಿ. ಸ್ಪ್ಯಾನರ್ ಹುಡುಕುವ ಪರಿಸ್ಥಿತಿ ಬರಬಾರದು. ಚಿಕ್ಕ ರೆಕ್ಕೆ ನಟ್ಟುಗಳು ಕುಲುಕಾಟಕ್ಕೆ ಸಡಿಲವಾಗುತ್ತವೆ, ಅವನ್ನು ನಂಬಬೇಡಿ. ಬ್ರಾಕೆಟ್ ಮತ್ತು ಬಾರಿನ ನಡುವೆ ರಬ್ಬರ್ ತುಂಡು ಇಟ್ಟರೆ ಸದ್ದು ಕಡಿಮೆ, ಬಣ್ಣವೂ ಉಳಿಯುತ್ತದೆ.

ಪಕ್ಕಕ್ಕೆ ತೆರೆಯುವ ಕ್ಯಾರಿಯರ್ ಆದರೆ ರನ್ನರನ್ನು ಕೀಲಿನ ಕಡೆಗೆ ಸರಿಸಿಡಿ. ಭಾರ ಕೀಲಿಗೆ ಹತ್ತಿರವಾದಷ್ಟೂ ಅದರ ಮೇಲಿನ ಎಳೆತ ಕಡಿಮೆ. ರಿವರ್ಸ್ ಲ್ಯಾಚ್ (ಜ್ಯಾಕ್ ಏರಬೇಕೋ ಇಳಿಯಬೇಕೋ ಅಂತ ಬದಲಿಸುವ ಚಿಕ್ಕ ಸನ್ನೆ) ಏರಿಸುವ ಸ್ಥಾನದಲ್ಲೇ ಇರಲಿ. ಲಟಲಟ ಸದ್ದು ಬರುವುದು ಹೆಚ್ಚಾಗಿ ಹಿಡಿಯಿಂದ. ಅದನ್ನು ಬಾರಿಗೆ ಸೇರಿಸಿ ಹಿಡಿದಿಡುವ ರಬ್ಬರ್ ಪಟ್ಟಿ ಸಿಗುತ್ತದೆ, ತಪ್ಪದೆ ಹಾಕಿ. ತಳದ ಪ್ಲೇಟ್ ಬಿಚ್ಚಿ ಬರುವಂತಿದ್ದರೆ ಗಾಡಿ ಒಳಗಿಡಿ, ಒಂದು ಗಟ್ಟಿ ಹಲಗೆಯ ಜೊತೆ. ಮೆತ್ತನೆ ನೆಲದಲ್ಲಿ ಹಲಗೆ ಇಲ್ಲದೆ ಈ ಜ್ಯಾಕ್ ಗಾಡಿಯನ್ನು ಎತ್ತುವ ಬದಲು ತಾನೇ ಇಳಿಯುತ್ತದೆ.

ಬೀಗ ಹಾಕಿ, ಬೀಗದ ಕಣ್ಣಿಗೆ ರಬ್ಬರ್ ಮುಚ್ಚಳ ಇರುವಂಥದ್ದು ಆರಿಸಿ. ನಂಬರ್ ಪ್ಲೇಟು, ಹಿಂದಿನ ದೀಪ, ರಿವರ್ಸ್ ಕ್ಯಾಮೆರಾ ಯಾವುದೂ ಮರೆಯಾಗಬಾರದು. ಜ್ಯಾಕಿನ ತುದಿ ಗಾಡಿಯ ಅಗಲ ಮೀರಿ ಚಾಚಿಕೊಳ್ಳಬಾರದು.

ಎಲ್ಲ ಬಿಗಿಸಿದ ಮೇಲೆ ಜ್ಯಾಕನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸಿ. ಗಾಡಿಯೇ ಅಲುಗಬೇಕು, ಜ್ಯಾಕ್ ಮಾತ್ರ ಅಲ್ಲ. ಮೊದಲ ಒರಟು ದಾರಿ ಮುಗಿದ ಕೂಡಲೇ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಮಾಡಿ. ಹೊಸ ಬ್ರಾಕೆಟ್ ಸ್ವಲ್ಪ ಕೂತುಕೊಳ್ಳುತ್ತದೆ, ಬಿಗಿ ಸಡಿಲವಾಗುತ್ತದೆ. ಆಮೇಲೆ ಕೆಸರಿನಲ್ಲಿ ಓಡಿಸಿ ಬಂದಾಗಲೆಲ್ಲ ರನ್ನರನ್ನು ಬಾರಿನ ಮೇಲೆ ಒಮ್ಮೆ ಮೇಲೆ ಕೆಳಗೆ ಓಡಿಸಿ, ಎರಡೂ ಪಿನ್ನುಗಳು ಟಕ್ ಟಕ್ ಅಂತ ಕೂರುತ್ತವೆಯಾ ನೋಡಿ.